ಗೋಡೆ ಬೆಚ್ಚಗಿದೆ

“ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ. ಅಂಗೈ ಅಲ್ಲ, ಕೈಯ ಹಿಂಬದಿ ಇಡು. ಅಷ್ಟೂ ಮರೆತ್ಯಾ ಗಾ?” ಎಂದ ರೊಡೆಲ್, ಮಲಗಿದ್ದಲ್ಲಿಂದಲೇ.

ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. ಇಲೊಯಿಲೊ ಊರಿನ ಗಂಡಂದಿರೆಲ್ಲ ಕರೆಯುವ ಹಾಗೆ ಮುದ್ದಿಗೆ ‘ಗಾ’, ಅವಳಿಗೆ ಅವನೂ ‘ಗಾ’. ವಿಲ್ಮಾ ಮಂಚದ ಮೇಲೆ ಮೊಣಕಾಲೂರಿ, ಗಂಡನ ಮೈಮೇಲಿಂದ ಬಾಗಿ, ಪ್ಲೈವುಡ್ ಗೋಡೆಗೆ ಕೈಯ ಹಿಂಬದಿ ತಾಗಿಸಿದಳು. ಬೆಚ್ಚಗಿತ್ತು. ಬಿಸಿಲಿನ ಬಿಸಿಯಲ್ಲ ಅದು, ಈ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ, ಆಚೆ ಬದಿ ಇರುವುದು ಪಕ್ಕದ ಮನೆ. ಒಂದು ಊಟದ ತಟ್ಟೆಯಷ್ಟು ಜಾಗ ಮಾತ್ರ, ಜ್ವರ ಬಂದ ಮಗುವಿನ ಹಣೆಯ ಹಾಗೆ ಕಾದಿತ್ತು, ಸುತ್ತ ಎಲ್ಲ ತಣ್ಣಗೆ.

“ನಿನ್ನೆಗಿಂತ ಜಾಸ್ತಿ ಆಗಿದೆ ಅಲ್ವಾ?”

“ಇಲ್ಲ, ಅಷ್ಟೇ ಇದೆ.”

“ಸುಳ್ಳು ಹೇಳೋವಾಗ ನಿನ್ನ ಮೂಗು ಅರಳುತ್ತೆ. ಬೆಳಗ್ಗೆಯಿಂದ ಚಿರ್ ಚಿರ್ ಅಂತಿದೆ. ಮೊದ್ಲು ಹಲ್ಲಿ ಅನ್ಕೊಂಡೆ. ಹಲ್ಲಿಗೆ ಇಷ್ಟು ತಾಳ್ಮೆ ಇರಲ್ಲ.”

ವಿಲ್ಮಾ ನಗಲಿಲ್ಲ. ಆ ತಟ್ಟೆಯಷ್ಟು ಜಾಗದ ಆಚೆ ಬದಿ ಏನಿದೆ ಎಂದು ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು: ನಾಂಗ್ ಕೋರಿಂಗ್, ಅಂದರೆ ಕೋರಿಂಗಕ್ಕನ ಮನೆಯ ಒಂದೇ ಒಂದು ಸಾಕೆಟ್, ಹಳದಿ ತಿರುಗಿ, ಒಳಗಿನ ಹಿತ್ತಾಳೆಯ ಹಿಡಿ ಸಡಿಲಾಗಿ, ಯಾವ ಪ್ಲಗ್ ಹಾಕಿದರೂ ಜೋತುಬೀಳುವಂಥದ್ದು. ಕೋರಿಂಗಳ ಗಂಡ ಅಂಬೋ ತೀರಿಕೊಂಡ ದಿನದಿಂದ ಅದಕ್ಕೆ ಅರೆಗಳಿಗೆ ಬಿಡುವಿರಲಿಲ್ಲ. ಶವಪೆಟ್ಟಿಗೆಯ ತಲೆಕಡೆ ಒಂದು ದೀಪ, ಕಾಲಕಡೆ ಒಂದು ದೀಪ, ನಿಂತ ಫ್ಯಾನು, ಜಾಗರಣೆಗೆ ಬಂದವರಿಗೆಲ್ಲ ಕಾಫಿ ಕುದಿಸುವ ದೊಡ್ಡ ಬಾಯ್ಲರು, ಬಂದವರ ಮೊಬೈಲುಗಳು, ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ, ಆ ಬಾಕ್ಸು ಈ ಒಂದೇ ಸಾಕೆಟ್ಟಿಗೆ. ಹಡಗಿನಲ್ಲಿ ಕೆಲಸ ಮಾಡುವ ಮಗ ಜೋವನಿ ಶನಿವಾರ ಬಂದು ಮುಟ್ಟುವ ತನಕ ಅಂಬೋನನ್ನು ಮಣ್ಣು ಮಾಡುವ ಹಾಗಿಲ್ಲ, ಅಲ್ಲಿಯ ತನಕ ದೀಪ ಆರಿಸುವ ಹಾಗಿಲ್ಲ.

ಗೋಡೆಯ ಈ ಬದಿ ರೊಡೆಲ್. ಸೊಂಟದ ಕೆಳಗೆ ಅವನಿಗೆ ಜೀವವಿಲ್ಲ. ಅವನನ್ನು ಆಸ್ಪತ್ರೆಯಿಂದ ಮನೆಗೆ ತಂದಾಗ ಗಲ್ಲಿಯಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ನಾಲ್ಕು ಜನ ಗಂಡಸರು ಕುರ್ಚಿಯಲ್ಲಿ ಕೂರಿಸಿ, ತಲೆಯ ಮೇಲೆ ಎತ್ತಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ತಂದಿದ್ದರು. ಬೆಂಕಿ ಬಿದ್ದರೆ ಯಾವ ನಾಲ್ಕು ಜನ ಬರುತ್ತಾರೆ? ಆಚೆ ಗಲ್ಲಿಯಲ್ಲಿ ಬೆಂಕಿ ಬಿದ್ದಾಗ ಎಲ್ಲರೂ ಟಿವಿ, ಹುಂಜ, ಅಕ್ಕಿ ಚೀಲ ಹೊತ್ತು ಓಡಿದ್ದರು. ಹಾಸಿಗೆ ಹಿಡಿದಿದ್ದ ಒಬ್ಬ ಲೋಲಾ, ಮುದುಕಿ, ಒಳಗೇ ಉಳಿದುಬಿಟ್ಟಿದ್ದಳು. ಗೋಡೆ ಮುಟ್ಟಿದಾಗೆಲ್ಲ ವಿಲ್ಮಾಳಿಗೆ ಆ ಲೋಲಾಳ ನೆನಪು.

ಆ ಬೆಂಕಿಯದ್ದೂ ಒಂದು ಕತೆ. ದೇವರ ಮುಂದಿನ ಮೇಣದಬತ್ತಿ ಉರುಳಿ ಹೊತ್ತಿಕೊಂಡಿತು ಎಂದು ಊರೆಲ್ಲ ಹೇಳಿತು. ವಿಲ್ಮಾ ಮಾರನೆಯ ದಿನ ಬೂದಿ ಕೆದಕಿ, ಕರಗಿ ಮುದ್ದೆಯಾಗಿದ್ದ ಸಾಕೆಟ್ಟನ್ನು ಹೆಕ್ಕಿ ತಂದು, ಬೆಂಕಿ ಹುಟ್ಟಿದ್ದು ಇಲ್ಲಿ, ಇಲ್ಲಿ ನೋಡಿ ಎಂದು ಮನೆಮನೆಗೂ ತೋರಿಸಿದ್ದಳು. ಯಾರಿಗೂ ನಂಬಿಕೆ ಬರಲಿಲ್ಲ. ಮೇಣದಬತ್ತಿಯಲ್ಲಾದರೆ ಉರಿ ಕಣ್ಣಿಗೆ ಕಾಣುತ್ತದೆ, ಗೋಡೆಯೊಳಗಿನದು ಯಾರಿಗೆ ಕಾಣಬೇಕು? ಬಡಾವಣೆಯ ಚುನಾಯಿತ ಮುಖಂಡ ಕ್ಯಾಪ್ಟನ್ ಸಭೆ ಸೇರಿಸಿ, ಇನ್ನು ಮೇಲೆ ಸಾವಿನ ಮನೆಯಲ್ಲೂ ಮೇಣದಬತ್ತಿ ಹಚ್ಚಕೂಡದು, ಎಲ್ಲ ಕರೆಂಟಿನ ದೀಪವೇ ಆಗಬೇಕು ಎಂದು ಕಟ್ಟುನಿಟ್ಟು ಮಾಡಿದ. ಬೆಂಕಿಗೆ ಹೆದರಿ ಗಲ್ಲಿಗೆ ಗಲ್ಲಿಯೇ ಬೆಂಕಿಯ ಬಾಯಿಗೆ ಇನ್ನಷ್ಟು ಪ್ಲಗ್ಗು ತುರುಕಿತು.

ವಿಲ್ಮಾಳ ಬದುಕೇ ಈ ಸಾಕೆಟ್ಟು, ಸ್ವಿಚ್ಚುಗಳದ್ದು. ಹೊಸ ಮನೆಗೆ ವೈರಿಂಗ್ ಮಾಡುವ ದೊಡ್ಡ ಮೇಸ್ತ್ರಿಗಳು ಬೇರೆ. ಇವಳದ್ದು ಸವೆದದ್ದನ್ನು ತೆಗೆದು ಹೊಸದು ಕೂರಿಸುವ ಕೆಲಸ, ಅದಷ್ಟೇ. ಬಾಚೊಯ್ ಸಾರಿನ ಅಂಗಡಿಯಲ್ಲಿ ಎಣ್ಣೆ ಜಿಡ್ಡು ಹತ್ತಿ ಕಚ್ಚಿಕೊಂಡ ಸ್ವಿಚ್ಚು, ಕ್ಷೌರದಂಗಡಿಯಲ್ಲಿ ಕಿಡಿ ಹಾರಿಸುವ ಪಾಯಿಂಟು, ಟೇಲರ್ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ತಿಂದುಹಾಕಿದ ಸಾಕೆಟ್ಟು. ತೆಗೆದ ಒಂದನ್ನೂ ಅವಳು ಎಸೆಯುತ್ತಿರಲಿಲ್ಲ. ಗೋಣಿಚೀಲದಲ್ಲಿ ತುಂಬಿಟ್ಟು, ಹೊಸ ಗಿರಾಕಿಗೆ ಒಂದೊಂದೇ ತೆಗೆದು ತೋರಿಸುವಳು, ಹಲ್ಲಿನ ಡಾಕ್ಟರು ಕಿತ್ತ ಹಲ್ಲು ತೋರಿಸುವ ಹಾಗೆ. ‘ದೀಪ ಉರೀತಿದೆಯಲ್ಲ, ಮತ್ತೇನು ಸವೆದಿರೋದು?’ ಎಂದು ಜನ ಅವಳನ್ನೇ ನೋಡಿ ನಗುವರು.

ಈ ವಿದ್ಯೆ ಕಲಿಸಿದ್ದು ರೊಡೆಲ್. ಅವನು ಏಣಿ ಹತ್ತಿದರೆ ಕೆಳಗೆ ಟಾರ್ಚ್ ಹಿಡಿದು ನಿಲ್ಲುವುದು ಇವಳ ಪಾಲಿನ ಕೆಲಸವಾಗಿತ್ತು. ಐಸ್ ಅಂಗಡಿಯವನೊಬ್ಬ, ಮೇನ್ ಸ್ವಿಚ್ಚು ತೆಗೆದು ಕರೆಂಟು ನಿಲ್ಲಿಸಿದರೆ ಐಸೆಲ್ಲ ಕರಗುತ್ತದೆ, ಹಾಗೇ ಮಾಡಪ್ಪ ಎಂದ. ಇವನು ಹಾಗೇ ಮಾಡಿದ. ಕರೆಂಟು ಹಿಡಿದು ಏಣಿಯಿಂದ ಎಸೆಯಿತು. ಐಸ್ ಕರಗಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಮಾಡಿದ್ದು ಹೆಂಡತಿಯಿಂದ ಆಣೆ ಹಾಕಿಸಿಕೊಂಡದ್ದು: ಮೇನ್ ತೆಗೆಯದೆ ಯಾವತ್ತೂ ಕೈ ಹಾಕಲ್ಲ, ಯಾರು ಏನೇ ಹೇಳಲಿ. ಆ ಮೇಲೆ ಅವನ ಚೀಲ ಅವಳ ಹೆಗಲಿಗೆ ಬಂತು.

ಆ ಆಣೆಯೇ ಈಗ ಕುತ್ತಿಗೆಗೆ ಬಂದಿತ್ತು. ಮೇನ್ ತೆಗೆದರೆ ಅಂಬೋನ ದೀಪ ಆರುತ್ತದೆ. ತೆಗೆಯದಿದ್ದರೆ ಅವಳು ಸಾಕೆಟ್ ಮುಟ್ಟುವ ಹಾಗಿಲ್ಲ.

ಕೋರಿಂಗಳನ್ನು ಅವಳು ಕೇಳದೆ ಬಿಟ್ಟಿರಲಿಲ್ಲ. ಮೊದಲ ದಿನವೇ ಪೆಟ್ಟಿಗೆಯ ಪಕ್ಕ ಕೂತು, ಕಿವಿಯಲ್ಲಿ, ಸ್ವಲ್ಪ ಹೊತ್ತು ಸಾಕು ನಾಂಗ್, ಒಂದು ಹಾಡು ಮುಗಿಯುವಷ್ಟರಲ್ಲಿ ಮುಗಿಸುತ್ತೇನೆ ಎಂದಳು. ಕೋರಿಂಗ್ ಬರೀ ತಲೆ ಅಲ್ಲಾಡಿಸಿದಳು. ಎರಡನೆಯ ದಿನ ಗೋಣಿಚೀಲದಿಂದ ಕರಕಲು ಸಾಕೆಟ್ ತಂದು ತೋರಿಸಿದಳು. ಸಾವಿನ ಮನೆಯಲ್ಲಿ ಕಸ ಗುಡಿಸುವುದಕ್ಕೇ ಶಾಸ್ತ್ರ ಬಿಡುವುದಿಲ್ಲ, ನೀನು ಗೋಡೆ ಬಿಚ್ಚುತ್ತೇನೆ ಅನ್ನುತ್ತೀಯಲ್ಲ ಎಂದು ಕೋರಿಂಗ್ ಮುಖ ತಿರುಗಿಸಿದಳು. ಕ್ಯಾಪ್ಟನ್ ಹತ್ತಿರ ಹೋದರೆ, ಮಣ್ಣಾದ ಮೇಲೆ ನೋಡೋಣ, ಸತ್ತವರಿಗೆ ಬೇಡ ಅನ್ನುವುದಕ್ಕೆ ನಾನ್ಯಾರು ಎಂದು ಅವನೂ ಕೈ ತೊಳೆದುಕೊಂಡ. ರೊಡೆಲನನ್ನು ತಂಗಿಯ ಮನೆಗಾದರೂ ಸಾಗಿಸೋಣವೆಂದರೆ ಅವನು ಒಪ್ಪಲಿಲ್ಲ: ಗಲ್ಲಿಯವರೆಲ್ಲ ಇಲ್ಲೇ ಬೇಯುವಾಗ ನಾನೊಬ್ಬ ತಣ್ಣಗೆ ಎಲ್ಲಿಗೆ ಹೋಗಲಿ, ಅದೂ ಅಲ್ಲದೆ ನಿನ್ನ ತಂಗಿಯ ಅಡುಗೆ.

ಇಷ್ಟರ ಮೇಲೆ ಎಲ್ಲ ಕೆಡಿಸಿದ್ದು ನೊಂಗ್ ತೆರೋಯ್, ಗಲ್ಲಿಗೆಲ್ಲ ತೆರೋಯಣ್ಣ. ಯಾರ ಮನೆಯಲ್ಲಿ ಸಾವಾದರೂ ಇಸ್ಪೀಟಿಗೆ ಮೊದಲು ಬಂದು ಕೂರುವವನು, ಕೊನೆಗೆ ಏಳುವವನು. ಆಟದ ಮಧ್ಯೆ ಫ್ಯಾನು ನಿಂತರೆ ಅವನಿಗೆ ತಡೆಯದು. ಪ್ಲಗ್ಗು ಸಡಿಲಾಗಿ ಜೋತುಬಿದ್ದಾಗೆಲ್ಲ ಎದ್ದು, ಕೇಕ್ ಕೊಯ್ಯುವ ಚಾಕು ತೂರಿಸಿ ಅದರ ಚಪ್ಪಟೆ ಪಿನ್ನುಗಳನ್ನು ಹೊರಕ್ಕೆ ಅಗಲಿಸಿ, ಗುದ್ದಿ ಕೂರಿಸುವನು. ಈ ಊರಿನಲ್ಲಿ ಎಲ್ಲರೂ ಮಾಡುವುದೇ ಅದು, ಅಜ್ಜಿಯಂದಿರಿಗೂ ಬರುತ್ತದೆ. ಅದೂ ನಿಲ್ಲದಾಗ ಒಂದು ಇಸ್ಪೀಟೆಲೆ ಮಡಚಿ ಸಂದಿಗೆ ತುರುಕಿದ. ಆಟೀನ್ ರಾಣಿ, ಅವಳು ಹಿಡ್ಕೊಂಡ್ರೆ ಬಿಡಲ್ಲ ಎಂದು ನಗೆ ಬೇರೆ. ವಿಲ್ಮಾ ಅದನ್ನು ಕಿತ್ತು ಬಿಸಾಕಿದಳು. ಅವಳು ಹೊರಗೆ ಕಾಲಿಟ್ಟ ಕೂಡಲೇ ಅವನು ಗುಲಾಮನನ್ನು ತುರುಕಿದ.

ಪಕ್ಕದ ಮನೆಯೇ ಆದರೂ ಅಲ್ಲಿಂದ ಅವಳು ನೇರ ಮನೆಗೆ ಬರುವ ಹಾಗಿರಲಿಲ್ಲ. ಹೆಣವಿರುವ ಮನೆಯಿಂದ ಸೀದಾ ನಿಮ್ಮ ಮನೆಗೆ ಹೋದರೆ ಸಾವು ನಿಮ್ಮ ಬೆನ್ನು ಹಿಡಿದು ಬರುತ್ತದೆ. ನಡುವೆ ಎಲ್ಲಾದರೂ ನಿಂತು ಅದನ್ನು ಕೊಡವಿಕೊಳ್ಳಬೇಕು. ಮನೆಯಲ್ಲಿ ಕಾಯಿಲೆಯವರಿದ್ದರಂತೂ ತಪ್ಪಿಸುವ ಹಾಗೇ ಇಲ್ಲ. ಹಾಗಾಗಿ ವಿಲ್ಮಾ ಪ್ರತಿಸಲ ಗಲ್ಲಿಯ ಬಾಯಿಯ ಬೇಕರಿ ತನಕ ಹೋಗಿ, ಒಂದು ಬನ್ನು ಕೊಂಡು, ಅಲ್ಲೇ ನಿಂತು ತಿಂದು, ಆಮೇಲೆ ಮನೆಗೆ ಬರುವಳು. ಅಂಬೋಗೆ ಬರಬೇಕು ಅಂತಿದ್ದರೆ ಹಲಗೆ ಸಂದೀಲೇ ಇಣುಕ್ತಾನೆ, ನಿನ್ನ ಬೆನ್ನು ಯಾಕೆ ಬೇಕು ಅವನಿಗೆ ಎಂದು ರೊಡೆಲ್ ಕೆಣಕುವನು. ಕೆಣಕಲಿ, ಅವಳು ಬೇಕರಿಗೆ ಹೋಗದೆ ಬರಲಿಲ್ಲ.

ಇಡೀ ಗಲ್ಲಿಯ ಮೀಟರುಗಳು ಇದ್ದದ್ದು ಆ ಬೇಕರಿಯ ಗೋಡೆಯ ಮೇಲೆ, ಒಂದೊಂದಕ್ಕೂ ಕೆಳಗೆ ಒಂದೊಂದು ಮೇನ್ ಸ್ವಿಚ್ಚು. ಬನ್ನು ಅಗಿಯುತ್ತ ಅವಳ ಕಣ್ಣೆಲ್ಲ ಕೋರಿಂಗಳ ಮೀಟರಿನ ಮೇಲೆ. ಉಳಿದ ದಿನಗಳಲ್ಲಿ ಮಾತು ಮಾತಿಗೆ ಕರೆಂಟು ಹೋಗುವ ಊರು ಇದು, ಆದರೆ ಈ ವಾರ, ಬೇಕಾದ ಈ ಒಂದು ವಾರ, ಒಮ್ಮೆಯೂ ಹೋಗಿರಲಿಲ್ಲ. ಕರೆಂಟು ತಾನಾಗಿ ಹೋದರೆ ದೀಪ ಆರಿಸಿದ ಪಾಪ ಯಾರಿಗೂ ಇಲ್ಲ, ಆ ಸಂದಿನಲ್ಲಿ ಕೆಲಸ ಮುಗಿಸಬಹುದು. ಹಾರೋ ಇಗರ್ಜಿಯ ದೀಪದ ಮಾತೆಗೆ ಅವಳು ದಿನಾ ಬೇಡಿಕೊಂಡಳು, ಅಮ್ಮಾ ಕತ್ತಲೆ ಕೊಡು ಎಂದು. ದೀಪ ಹಿಡಿದು ನಿಂತವಳ ಹತ್ತಿರ ಕತ್ತಲೆ ಕೇಳುವುದು ಎಂಥ ಹುಚ್ಚು ಎಂದು ಅವಳಿಗೇ ಗೊತ್ತಿತ್ತು, ಆದರೂ ಕೇಳಿದಳು.

ಇವತ್ತು ಗೋಡೆ ಮುಟ್ಟಿ ನೋಡಿ ಬೇಕರಿಗೆ ಬಂದವಳ ಕೈ ತಾನೇ ಮೇಲಕ್ಕೆ, ಕೋರಿಂಗಳ ಮೇನಿನ ಕಡೆಗೆ ಹೋಯಿತು. ಒಂದು ಬೆರಳು ಸಾಕು. ಕರೆಂಟು ಹೋಯಿತು ಎಂದುಕೊಳ್ಳುತ್ತಾರೆ. ಯಾರು ಬಂದು ನೋಡುತ್ತಾರೆ? ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಾಗಲೇ ಹಿಂದಿನಿಂದ ಕೋರಿಂಗ್ ಬಂದಳು, ಜಾಗರಣೆಯವರಿಗೆ ಬ್ರೆಡ್ಡು ಕೊಳ್ಳಲು, ಕಂಕುಳಲ್ಲಿ ಬುಟ್ಟಿ. ಮೀಟರ್ ಕಡೆ ಅವಳು ನೋಡಲೂ ಇಲ್ಲ. ಅತ್ತು ಅತ್ತು ಕಣ್ಣು ಬಾತಿತ್ತು, ಮಾತಿಗೆ ಯಾರಾದರೂ ಸಿಕ್ಕರೆ ಸಾಕಾಗಿತ್ತು. ತನಗಿಂತ ಚಿಕ್ಕವಳಾದ ವಿಲ್ಮಾಳನ್ನು ಅವಳು ಕರೆಯುವುದು ‘ಇಂದಾಯ್’, ತಂಗೀ ಎನ್ನುವ ಹಾಗೆ.

“ನೋಡಿದ್ಯಾ ಇಂದಾಯ್, ಈ ವಾರ ಒಂದ್ಸಲನೂ ಕರೆಂಟ್ ಹೋಗಿಲ್ಲ. ನಾನು ದೀಪದ ಮಾತೆಗೆ ಹೇಳ್ಕೊಂಡಿದೀನಿ.” ಕೋರಿಂಗ್ ಬುಟ್ಟಿಯನ್ನು ಎದೆಗೆ ಅವಚಿಕೊಂಡಳು. “ಅವರು ಹೋಗಿದ್ದು ಕರೆಂಟ್ ಹೋದಾಗ್ಲೇ. ಸೆಕೆ ಅಂತ ನಾನು ಹೊರಗೆ ಕೂತಿದ್ದೆ. ಒಳಗಿಂದ ಒಂದ್ಸಲ ಕೂಗಿದ್ರು. ಕರೆಂಟ್ ಬಂದ್ಮೇಲೆ ಹೋದ್ರಾಯ್ತು ಅನ್ಕೊಂಡೆ. ಕರೆಂಟ್ ಬಂತು.” ಅವಳು ಕೈಯ ಹಿಂಬದಿಯಲ್ಲಿ ಕಣ್ಣೊರೆಸಿಕೊಂಡಳು. “ಇನ್ನೊಂದ್ಸಲ ಅವರನ್ನ ಕತ್ತಲಲ್ಲಿ ಬಿಡಲ್ಲ ಕಣೇ.”

ವಿಲ್ಮಾಳ ಕೈ ತಾನಾಗಿ ಕೆಳಗಿಳಿಯಿತು. ಒಂದೇ ಗೋಡೆಯ ಆ ಬದಿ ಈ ಬದಿ ಕೂತು ಇಬ್ಬರು ಹೆಂಗಸರು, ಒಬ್ಬಳೇ ಮಾತೆಯ ಹತ್ತಿರ, ಒಬ್ಬಳು ಬೆಳಕು ಒಬ್ಬಳು ಕತ್ತಲೆ ಬೇಡಿಕೊಂಡಿದ್ದರು, ಮಾತೆ ಪಾಪ ಏನು ಮಾಡಬೇಕು! ಬುಟ್ಟಿಯ ಇನ್ನೊಂದು ಕಿವಿ ಹಿಡಿದು ಅವಳು ಕೋರಿಂಗಳ ಜೊತೆಯಲ್ಲೇ ವಾಪಸು ನಡೆದಳು. ಗಂಡನನ್ನು ಉಳಿಸಿಕೊಳ್ಳುವ ಕೊನೆಯ ದಾರಿಯನ್ನೂ ಬೇಕರಿಯ ಗೋಡೆಯಲ್ಲೇ ಬಿಟ್ಟು ಬಂದೆ ಅನಿಸಿತು.

ಕೋರಿಂಗಳ ಮನೆಯ ಹೊಸ್ತಿಲು ದಾಟುವಾಗಲೇ ಒಳಗಿನಿಂದ ಪಟ್ ಎಂದಿತು.

ತೆರೋಯ್ ಚಾಕು ಹಿಡಿದು ಹಿಂದಕ್ಕೆ ಹಾರಿದ್ದ. ಸಾಕೆಟ್ಟಿನ ಸಂದಿಯಿಂದ ಹೊಗೆ, ಮೊದಲು ಎಳೆಯಾಗಿ, ಆಮೇಲೆ ಸುರುಳಿಯಾಗಿ, ಮೀನು ಸೀದ ಹಾಗೆ ನಾತ. ಪ್ಲಗ್ಗು ಎಳೆದರೆ ಬರುತ್ತಿಲ್ಲ, ಅಗಲಿಸಿದ ಪಿನ್ನು ಒಳಗೆ ಕರಗಿ ಅಂಟಿಕೊಂಡುಬಿಟ್ಟಿದೆ. ಒಬ್ಬ ನೀರಿನ ಹೂಜಿ ಎತ್ತಿದ. ವಿಲ್ಮಾ ಅವನ ಕೈಗೆ ಬಲವಾಗಿ ಹೊಡೆದು ಹೂಜಿ ಕಸಿದಳು, ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಬಾಯ್ಲರು ಕಿತ್ತಳು, ಫ್ಯಾನು ಕಿತ್ತಳು, ಮೊಬೈಲುಗಳನ್ನೆಲ್ಲ ಒಟ್ಟಿಗೆ ಬಾಚಿ ಕಿತ್ತಳು. ಭಾರ ಇಳಿದದ್ದೇ ಹೊಗೆ ತೆಳುವಾಯಿತು. ನಿಲ್ಲಲಿಲ್ಲ. ದೀಪಗಳೆರಡು ಮಾತ್ರ ಇನ್ನೂ ಉರಿಯುತ್ತಿದ್ದವು, ಅವಕ್ಕೆ ಬೇಕಾದ ಅಷ್ಟು ಕರೆಂಟೂ ಆ ಕರಕಲಿನೊಳಗಿಂದಲೇ ಬರಬೇಕು.

“ಮೇನ್ ತೆಗೀತೀನಿ ನಾಂಗ್.”

ಕೋರಿಂಗ್ ಅವಳ ಮಣಿಕಟ್ಟು ಹಿಡಿದುಕೊಂಡಳು. ಉಗುರು ಇಳಿಯುವ ಹಾಗೆ ಹಿಡಿದಳು. ನಡುವೆ ತೆರೋಯ್ ಮೊಬೈಲಿನ ಬೆಳಕು ಹಚ್ಚಿ, ಇದನ್ನ ಹಿಡ್ಕೊಂಡಿರ್ತೀನಿ ಬಿಡಿ ಎಂದ. ನಮ್ಮವರೇನು ಬಿದ್ದ ಚಿಲ್ಲರೆ ಹುಡುಕ್ತಿದಾರಾ ಎಂದು ಕೋರಿಂಗ್ ಅವನಿಗೆ ಉಗಿದಳು, ಇವಳ ಕೈ ಮಾತ್ರ ಬಿಡಲಿಲ್ಲ.

ಆಗ ಗೋಡೆ ದಡ ದಡ ಸದ್ದು ಮಾಡಿತು. ರೊಡೆಲ್ ಆಚೆಯಿಂದ ಮುಷ್ಟಿಯಲ್ಲಿ ಗುದ್ದುತ್ತಿದ್ದ.

“ನಾಂಗ್ ಕೋರಿಂಗ್, ದೀಪ ಆರಬಾರ್ದು ಅಷ್ಟೇ ತಾನೆ? ಯಾರ ಮನೆ ಕರೆಂಟು ಅಂತ ಅಂಬೋ ಏನು ಕೇಳಲ್ಲ. ನನ್ನ ತಲೆ ಹತ್ರ ಹೊಸ ಪಾಯಿಂಟಿದೆ, ನಮ್ಮವಳೇ ಹೊಸ ವೈರು ಎಳೆದು ಹಾಕಿದ್ದು. ವೈರ್ ಕೊಟ್ರೆ ಸಂದೀಲಿ ತೂರಿಸ್ತೀನಿ. ಒಂದು ದೀಪ ಇಲ್ಲಿಗೆ ಹಾಕಿ, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಆರೋದೇ ಇಲ್ಲ.” ಅವನಿಗೆ ಕೆಮ್ಮು ಬಂತು. “ಬೇಗ ಗಾ. ಇಲ್ಲಿ ಹೊಗೆ ಬರ್ತಿದೆ.”

ಕೋರಿಂಗಳ ಬೆರಳು ಸಡಿಲಾಯಿತು.

ಉದ್ದದ ವೈರು ಇದ್ದದ್ದು ವಿಲ್ಮಾಳ ಬಾಗಿಲ ಹಿಂದಿನ ಮೊಳೆಯಲ್ಲಿ, ರೊಡೆಲನ ಕೈಗೆ ಎಟುಕದ ಕಡೆ. ಅವಳು ಹೊರಗೆ ಓಡಿದಳು. ಮೊದ್ಲು ಬೇಕರಿ ಕಡೆ ಹೋಗೇ, ಮನೇಲಿ ಕಾಯಿಲೆ ಮನುಷ್ಯ ಇದಾನೆ ಎಂದು ತೆರೋಯ್ ಕೂಗಿದ್ದು ಕೇಳಿಸಿತು. ಎಡಕ್ಕೆ ಬೇಕರಿ, ಬಲಕ್ಕೆ ಅವಳ ಬಾಗಿಲು. ಇಷ್ಟು ದಿನದಲ್ಲಿ ಒಮ್ಮೆಯೂ ತಪ್ಪಿಸದ ದಾರಿ. ಅವಳು ಬಲಕ್ಕೆ ತಿರುಗಿದಳು, ಬೆನ್ನ ಮೇಲೆ ಯಾರೋ ಕೂತ ಹಾಗೆ ಚಳಿ ಹತ್ತಿತು, ಹಾಗೇ ಸಾವಿನ ಮನೆಯ ಧೂಳಿನ ಕಾಲಲ್ಲಿ ತನ್ನ ಮನೆಯ ಒಳಗೆ ನುಗ್ಗಿದಳು. ಮಂಚದ ಪಕ್ಕದ ಗೋಡೆ ಕಂದು ತಿರುಗಿ ಉಬ್ಬಿತ್ತು. ವೈರನ್ನು ಗಂಡನ ಎದೆಯ ಮೇಲೆ ಎಸೆದಳು.

“ಕರ್ಕೊಂಡೇ ಬಂದ್ಯಾ ಅಂಬೋನ?” ಎಂದ ಅವನು, ಆಗಲೇ ಪ್ಲಗ್ಗು ಚುಚ್ಚುತ್ತ. “ಬರ್ಲಿ ಬಿಡು, ಜಾಗ ಇದೆ.”

ಅವಳಿಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ.

ಅವಳು ಕೋರಿಂಗಳ ಮನೆಗೆ ಓಡಿ ಬರುವಷ್ಟರಲ್ಲಿ ಹಲಗೆಯ ಸಂದಿಯಿಂದ ವೈರಿನ ತುದಿ ಈಚೆ ಇಣುಕಿತ್ತು. ತಲೆಕಡೆಯ ದೀಪ ಒಮ್ಮೆ ಆರಿ ಹೊತ್ತಿತು, ಆಗ ಕಾಲಕಡೆಯದು ಉರಿಯುತ್ತಿತ್ತು. ಆಮೇಲೆ ಕಾಲಕಡೆಯದು, ಆಗ ತಲೆಕಡೆಯದು. ಕೋರಿಂಗ್ ಶವಪೆಟ್ಟಿಗೆಯಲ್ಲಿ ಗಂಡನ ಮುಖದ ಮೇಲಿನ ಗಾಜಿಗೆ ಎರಡೂ ಕೈ ಊರಿ ಬೆಳಕನ್ನೇ ನೋಡುತ್ತ ನಿಂತಿದ್ದಳು. ತೆರೋಯ್ ಬೇಕರಿಗೆ ಓಡಿ ಮೇನ್ ತೆಗೆದ. ವಿಲ್ಮಾ ಅವನನ್ನು ನಂಬದೆ ತಾನೂ ಹೋಗಿ ನೋಡಿ, ಬಂದು ಟೆಸ್ಟರ್ ಇಟ್ಟು ಪರೀಕ್ಷಿಸಿ, ಆಮೇಲೆಯೇ ಸ್ಕ್ರೂ ಬಿಚ್ಚಿದಳು.

ಸಾಕೆಟ್ಟು ಕೈಯಲ್ಲೇ ಪುಡಿಯಾಯಿತು. ಹಿಂದಿನ ಪ್ಲೈವುಡ್ಡು ಇದ್ದಿಲು. ಬೆರಳು ಒತ್ತಿದರೆ ಆಚೆ ರೊಡೆಲನ ಹಾಸಿಗೆಯ ಚಾದರ ಕಾಣಿಸಿತು. ಅವಳು ವೈರನ್ನು ಒಂದು ಗೇಣು ಎಳೆದು ನೋಡಿದಳು, ಚೆನ್ನಾಗಿರುವ ಕಡೆ ಕತ್ತರಿಸಿ ಹೊಸದು ಕೂರಿಸೋಣವೆಂದು. ಚೆನ್ನಾಗಿರುವ ಕಡೆಯೇ ಸಿಗಲಿಲ್ಲ. ಮೇಲಿನ ತನಕ, ಮಾಡಿನ ತನಕ, ವೈರಿನ ಹೊದಿಕೆ ಹಳೆಯ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಹೊಸ ಸಾಕೆಟ್ಟು ಅವಳ ಚೀಲದಲ್ಲೇ ಉಳಿಯಿತು. ಇದಕ್ಕೆ ಅದನ್ನು ಕಟ್ಟಿದರೆ ಕೊಳೆತ ಹಲ್ಲಿಗೆ ಚಿನ್ನ ಹೊದಿಸಿದ ಹಾಗೆ. ತುದಿಗಳಿಗೆ ಟೇಪು ಸುತ್ತಿ ಮುಚ್ಚಿದಳು, ಗೋಡೆಯ ತೂತಿಗೆ ತಗಡು ಬಡಿದಳು.

ಈ ಗಲ್ಲಿಯ ಮನೆಗಳಿಗೆಲ್ಲ ಒಂದೇ ಕಾಲದಲ್ಲಿ, ಒಬ್ಬನೇ ಮೇಸ್ತ್ರಿ, ಒಂದೇ ವೈರು ಎಳೆದದ್ದು. ಅಂದರೆ ಈ ಪಕ್ಕ, ಆ ಪಕ್ಕ, ಎದುರು, ಎಲ್ಲ ಕಡೆ ಇದೇ ಬಿಸ್ಕತ್ತು. ಒಂದು ಬೆಂಕಿ ತಪ್ಪಿತು, ಅಷ್ಟೇ. ರೊಡೆಲ್ ಅದೇ ಮಂಚದಲ್ಲಿ, ಅದೇ ಗಲ್ಲಿಯ ಹೊಟ್ಟೆಯೊಳಗೆ. ಅದರ ಜೊತೆ ಬೇಕರಿಗೆ ಹೋಗದೆ ಒಳಗೆ ತಂದದ್ದು ಬೇರೆ ಒಂದಿದೆ, ಅದಕ್ಕೆ ಯಾವ ಟೆಸ್ಟರೂ ಇಲ್ಲ. ಅವಳು ನೆಲದ ಮೇಲೆ ಹಾಗೇ ಕೂತುಬಿಟ್ಟಳು.

ಮಣ್ಣಾಗುವ ತನಕ ಈ ಮನೆಗೆ ಮೇನ್ ಹಾಕುವ ಹಾಗಿಲ್ಲ, ಫ್ಯಾನಿಲ್ಲ, ಬಾಯ್ಲರಿಲ್ಲ, ದೀಪ ಎರಡೂ ನಮ್ಮ ಮನೆಯಿಂದಲೇ ಉರಿಯಲಿ, ಕಾಫಿ ಇದ್ದಿಲೊಲೆಯ ಮೇಲೆ ಆಗಲಿ ಎಂದು ಅವಳು ಹೇಳಿದಳು. ಕೋರಿಂಗ್ ಎಲ್ಲಕ್ಕೂ ಹೂಂ ಎಂದಳು. ಇಸ್ಪೀಟು ಜೋಡಿಸುತ್ತಿದ್ದ ತೆರೋಯ್ ತಲೆ ಎತ್ತದೆ, ನಮ್ಮನೆ ಟಿವಿ ಪ್ಲಗ್ಗೂ ಸ್ವಲ್ಪ ಬಿಸಿಯಾಗುತ್ತೆ, ಹಾಗೇ ಹೇಳ್ದೆ ಎಂದ. ಎಷ್ಟು ಬಿಸಿ ಎಂದು ವಿಲ್ಮಾ ಕೇಳಿದಳು. ಮೇಲೆ ಬೆಕ್ಕು ಒರಗಿ ಮಲಗುತ್ತೆ ಎಂದ. ಇವತ್ತೇ ಕಿತ್ತಿಡು ಎಂದಳು.

ಸಾವಿನ ಮನೆಯವರು ಬಂದವರನ್ನು ಬಾಗಿಲ ತನಕ ಕಳಿಸಿಕೊಡಬಾರದು, ಉಪಕಾರವಾಯಿತು ಎಂದೂ ಹೇಳಬಾರದು. ಕೋರಿಂಗ್ ಪೆಟ್ಟಿಗೆಯ ಹತ್ತಿರದಿಂದ ಕದಲಲಿಲ್ಲ. ಭಾನುವಾರ ಮಣ್ಣು, ಸೋಮವಾರ ಮಂಗಳವಾರ ನೆಂಟರೆಲ್ಲ ಹೊರಡುತ್ತಾರೆ ಎಂದು ಲೆಕ್ಕ ಹಾಕಿದಳು.

“ಬುಧವಾರ ಬಾ ಇಂದಾಯ್. ಮಾಡಿನ ವೈರೆಲ್ಲ ಕಿತ್ತು ಹಾಕು. ಊಟ ಇಲ್ಲೇ ಮಾಡು, ಹಲಸಿನಕಾಯಿ, ತೊಗರಿಕಾಳು, ಹಂದಿಮಾಂಸ ಹಾಕಿ ಬೇಯಿಸ್ತೀನಿ, ರೊಡೆಲನಿಗೂ ತಗೊಂಡು ಹೋಗುವಂತೆ.” ಪೆಟ್ಟಿಗೆಯ ಗಾಜು ಒರೆಸುತ್ತ ಅವಳು ಹೇಳಿದಳು, “ಮೇನ್ ನೀನೇ ತೆಗಿ. ನನ್ನ ಕೇಳ್ಬೇಡ.”

“ಬುಧವಾರ ಬೆಳಿಗ್ಗೆನೇ ಬರ್ತೀನಿ ನಾಂಗ್,” ಎಂದಳು ವಿಲ್ಮಾ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. “ನಿಮ್ಮನೆ ಆದ್ಮೇಲೆ ಅವತ್ತೇ ನೊಂಗ್ ತೆರೋಯ್ ಮನೆಗೂ ಹೋಗ್ಬೇಕು.”